ಹಿಂದಿನವರ ಹಿಟ್ಟು

ಅರಸೀಕೆರೆಯಲ್ಲಿ ಹೊಂಬಾಳಮ್ಮನ ಗಿರಣಿಗೆ
ಗೋಧಿ ಕೊಟ್ಟರೆ ಬರೀ ಗೋಧಿಯೇ ಬರುತ್ತದೆಂಬ ಖಾತ್ರಿಯಿಲ್ಲ.
ಮುಂಚೆ ಬೀಸಿಸಿಕೊಂಡು ಹೋದವರ ರಾಗಿ
ಕಲ್ಲಿನ ಸಂದಿಯಲ್ಲಿ, ಬಟ್ಟೆ ಸೊಂಡಿಲಿನ ಮಡಿಕೆಯಲ್ಲಿ
ಒಂದು ಹಿಡಿ ಉಳಿದಿರುತ್ತದೆ.
ನಿಮ್ಮ ಡಬ್ಬಿಗೆ ಮೊದಲು ಬೀಳುವುದು ಅದೇ,
ಕೆಸರುಗಾಲಿನವರು ಸಾರಿಸಿದ ಜಗಲಿ ಹತ್ತಿದ ಹಾಗೆ.

ಇದಕ್ಕೇ ಅಲ್ಲಿ ದಿನಾ ಜಗಳ.
"ಬೀಗರು ಬರ್ತಾರೆ, ಚಪಾತಿ ಮಾಡಬೇಕು, ಇದೇನಮ್ಮ ಈ ಬಣ್ಣ?"
ಬೆಲ್ಟಿನ ಸದ್ದಿನ ಮೇಲೆ ಹೊಂಬಾಳಮ್ಮ ಕೂಗುತ್ತಾಳೆ:
"ಹಿಂದಿನವರದ್ದು ನಿನಗೆ, ನಿನ್ನದು ಮುಂದಿನವರಿಗೆ. ಹೊರಡು ಹೊರಡು!"

ನಾನು ಜಗಳವಾಡಲಿಲ್ಲ. ದೊಡ್ಡ ಮನಸ್ಸೇನಲ್ಲ,
ಅವತ್ತು ಲಾರಿ ಮುಷ್ಕರದ ಆರನೇ ದಿನ,
ಬೇಕರಿಯ ಮೈದಾ ಮೂಟೆ ತಳ ಕಂಡಿತ್ತು,
ಪೀರ್‌ಸಾಬ್ ಒಲೆಗೆ ಆಗಲೇ ತೆಂಗಿನ ಕರಟ ತುಂಬಿ ಬೆಂಕಿ ಕೊಟ್ಟಿದ್ದ.
ಹೊತ್ತಿದ ಒಲೆಯ ಬಾಯಿಗೆ ಏನಾದರೂ ಇಡಲೇಬೇಕು.

ಡಬ್ಬಿಯ ತಳದ ಹಿಟ್ಟಿನ ಕೊನೆಯ ಮೂರು ಬ್ರೆಡ್ಡು
ಮಾಸಲು ಬಣ್ಣಕ್ಕೆ ಬಂದವು. ಮುರಿದೆ:
ಹಸಿ ತೆನೆ ಸುಟ್ಟು ಅಂಗೈಯಲ್ಲಿ ಉಜ್ಜಿದ ವಾಸನೆ.
ಮೂರನ್ನೂ ಮಾರಲಿಲ್ಲ. ನಾವೇ ತಿಂದೆವು.

ಆಸೆ ಕೆಟ್ಟದ್ದು. ಮಾರನೆಯ ದಿನ ಅರ್ಧಕ್ಕರ್ಧ ಬೆರೆಸಿದೆ.
ಗೋಧಿಯದು ನಂಟಸ್ತಿಕೆಯ ಜಾತಿ,
ಎಳೆದರೆ ಬರುತ್ತದೆ, ಬಿಟ್ಟರೆ ಮನೆಗೆ ಹಿಂತಿರುಗುತ್ತದೆ.
ರಾಗಿ ಹಾಗಲ್ಲ.
ನೀರು ಕುಡಿದು ಸುಮ್ಮನೆ ಕೂರುತ್ತದೆ,
ಎಷ್ಟು ನಾದಿದರೂ ಯಾರ ಕೈಯನ್ನೂ ಹಿಡಿಯುವುದಿಲ್ಲ.
ಒಲೆಯಿಂದ ಬಂದದ್ದು ಇಟ್ಟಿಗೆ.
ಬಾಗಿಲಿಗೆ ಒತ್ತು ಕೊಟ್ಟೆ, ಆಷಾಢದ ಗಾಳಿಗೂ ಅಲುಗಲಿಲ್ಲ.
ಸ್ಟೇಷನ್ನಿನ ನಾಯಿ ಮೂಸಿ, ನನ್ನ ಮುಖ ನೋಡಿ, ಹೋಯಿತು.

ಹುರುಳಿ ಹಾಕಿ ನೋಡಿದೆ, ಗೊಂತಿನ ವಾಸನೆ.
ಸಾಮೆ ಹಲ್ಲಿಗೆ ಮರಳು. ನವಣೆ ಸಿಹಿ, ಪಾಪ,
ಆದರೆ ಚಾಕು ತೋರಿಸಿದರೆ ಪುಡಿಪುಡಿ.

ಪೀರ್‌ಸಾಬ್ ಮೊಣಕೈವರೆಗೂ ಸುಟ್ಟ ಗೆರೆಗಳ ಮನುಷ್ಯ,
ವಾರಕ್ಕೊಂದು ಮಾತು. ಆ ವಾರದ್ದು ಇದು:
"ರಾಗಿಗೆ ರಾತ್ರಿಯೇ ಬಿಸಿನೀರು ಕೊಟ್ಟು ಮಲಗಿಸು.
ಹಸಿದವನನ್ನು ಹಾಗೇ ಪಂಕ್ತಿಗೆ ಕೂರಿಸಿದರೆ
ಪಕ್ಕದವನ ಎಲೆಗೂ ಕೈ ಹಾಕ್ತಾನೆ."

ಮಲಗಿಸಿದೆ. ಏಳು ಸೇರು ಗೋಧಿ, ಮೂರು ರಾಗಿ,
ಮನೆಯ ಅಂಬಲಿ ಗಡಿಗೆಯ ಹುಳಿ ಒಂದು ಲೋಟ.
ಉಬ್ಬಲು ಎರಡು ಪ್ಯಾಸೆಂಜರ್ ರೈಲು ಹೋಗುವಷ್ಟು ಹೊತ್ತು ಹೆಚ್ಚೇ ಬೇಕಾಯಿತು.
ಎತ್ತರವಿಲ್ಲ. ನೆತ್ತಿ ಬಿರಿದಿದೆ,
ಬೇಸಿಗೆಯ ಕೆರೆಯಂಗಳದ ಹಾಗೆ.
ಬೆನ್ನ ಮೇಲೆ ಬೆರಳಲ್ಲಿ ತಟ್ಟಿದರೆ
ಒಳಗೆ ಯಾರೋ ಇದ್ದಾರೆ ಅನ್ನುವ ಸದ್ದು.

ಕೂಲಿ ಚನ್ನಿಗಪ್ಪ ತಿರುಗಿಸಿ ತಿರುಗಿಸಿ ನೋಡಿದ:
"ಸೀದು ಹೋಗಿದೆಯಲ್ಲ, ಅರ್ಧ ದುಡ್ಡಿಗೆ ಕೊಡು."
"ಸಕ್ಕರೆ ಕಾಯಿಲೆಗೆ ಒಳ್ಳೇದಾ?" ಅಂದರು ಮೇಷ್ಟರು.
ಗೊತ್ತಿಲ್ಲ ಸಾರ್, ಹಸಿವಿಗೆ ಒಳ್ಳೇದು.

ಒಂದನ್ನು ಪೇಪರಿನಲ್ಲಿ ಸುತ್ತಿ ಗಿರಣಿಗೆ ಒಯ್ದೆ.
ಹೊಂಬಾಳಮ್ಮ ಮೋಟಾರು ನಿಲ್ಲಿಸಿ, ಕ್ಯಾರಿಯರ್ ಬಿಚ್ಚಿ,
ಬಸ್ಸಾರಿನಲ್ಲಿ ಅದ್ದಿದಳು.
ಅಭ್ಯಾಸಬಲ, ನುಂಗಲು ಹೋದಳು.
ಗಂಟಲು ಒಪ್ಪಲಿಲ್ಲ. ಅಗಿದಳು.
ರೆಪ್ಪೆಯ ಮೇಲಿನ ಹಿಟ್ಟು ಕೂಡ ಆಗ ಅಲುಗಲಿಲ್ಲ.
"ಅರವತ್ತು ವರ್ಷ ನುಂಗಿದ್ದೀನಿ," ಅಂದಳು ಕೊನೆಗೆ,
"ಇದರ ರುಚಿ ಹಲ್ಲಿಗೆ ಹೇಳಿಯೇ ಇರಲಿಲ್ಲ ನೋಡು."
ಇನ್ನೊಂದು ತುಂಡು ಕೇಳಲಿಲ್ಲ, ತಾನೇ ಮುರಿದುಕೊಂಡಳು.

ಈಗ ಹೊಸ ಗೋಧಿ ಬಂದಿದೆ, ಹಳೆಯ ಲೆಕ್ಕ ಕೂಡುತ್ತಿಲ್ಲ.
ಇವತ್ತು ಬೀಸಿಸಿ ತಂದ ಡಬ್ಬಿಯ ತಳ ಹಳದಿ.
ಯಾರದೋ ಕಡಲೆ.
ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನೀರು ಬಿಟ್ಟಿದ್ದೇನೆ,
ಎಷ್ಟು ಕುಡಿಯುತ್ತದೋ.