ಇಬ್ಬನಿ ಬಿಂದು

ಮರ ಹೇಳಿ ಮುರಿಯುತ್ತದೆ,
ಕಬ್ಬಿಣ ಹೇಳದೆ ಮುರಿಯುತ್ತದೆ.
ಗಣಿಯಿಂದ ಬಂದು ಬೂಟು ಕಳಚುತ್ತ ಅಪ್ಪ ಅಂದದ್ದು ಇಷ್ಟೇ,
ಆಮೇಲೆ ಸೂಪಿನ ಬಟ್ಟಲಿಗೆ ಬಾಗುತ್ತಿದ್ದ.
ವಾವ್‌ಬ್ಝಿಖ್‌ನ ನೆಲದಡಿ ನಾನೂರು ಮೀಟರು,
ಆನಿಸಿಟ್ಟ ಪೈನ್ ತೊಲೆಗಳ ಕಿರುಗುಟ್ಟು ಕೇಳಿ ಕೇಳಿ
ಅವನ ಎಡಗಿವಿ ಮನೆಯಲ್ಲೂ
ಗೋಡೆಯ ಕಡೆಗೇ ಇರುತ್ತಿತ್ತು.

ಗಣಿ ಮುಚ್ಚಿತು. ಕಿವಿ ಮುಚ್ಚಲಿಲ್ಲ.

ನಾನು, ಅವನ ಮಗಳು ಬೊಗುಮಿಲಾ,
ಕಂಪನಿಯ ಬಸ್ಸಿನಲ್ಲಿ ಒಂದೂವರೆ ಗಂಟೆ ತೂಕಡಿಸಿ
ವ್ರೊತ್ಸ್ವಾಫ್ ಹೊರಗಿನ ಬ್ಯಾಟರಿ ಕಾರ್ಖಾನೆಯಲ್ಲಿ ಇಳಿಯುತ್ತೇನೆ.
ರಾತ್ರಿ ಪಾಳಿ. ನಾಲ್ಕು ಪರದೆ. ಒಂದು ಥರ್ಮಾಸು ಚಹಾ.
ಇಲ್ಲಿ ಕಬ್ಬಿಣಕ್ಕೂ ಬಾಯಿ ಬಂದಿದೆ, ಅಪ್ಪಾ.
ಸವೆದು ಬೀಳುವ ಒಂಬತ್ತು ದಿನ ಮೊದಲೇ
ರೋಲರಿನ ಬೇರಿಂಗು ನನಗೆ ಪಿಸುಗುಡುತ್ತದೆ:
ನಡುಗುತ್ತಿದ್ದೇನೆ, ನೋಡು.

ಕೂದಲೆಳೆಯ ಹತ್ತರಲ್ಲೊಂದು ದಪ್ಪದ ತಾಮ್ರದ ಹಾಳೆ,
ಅದರ ಮೈಮೇಲೆ ಕಪ್ಪು ಹಿಟ್ಟು,
ಅಮ್ಮ ಬಾಣಲೆಗೆ ಹುಯ್ಯುತ್ತಿದ್ದ ನಲೆಶ್ನಿಕಿಗಿಂತ ತೆಳು,
ನಿಮಿಷಕ್ಕೆ ಅರವತ್ತು ಮೀಟರು ಓಟ.
ಹದ ಕೆಟ್ಟದ್ದು ಮೊದಲೆಲ್ಲ ತಿಳಿಯುತ್ತಿದ್ದದ್ದು
ಮೂರು ವಾರದ ಮೇಲೆ,
ಸೆಲ್ಲು ಹುಟ್ಟಿ, ಚಾರ್ಜು ಕುಡಿದು, ಸುಮ್ಮನೆ ಸತ್ತಾಗ.
ಅಷ್ಟರಲ್ಲಿ ಅದರ ಒಡಹುಟ್ಟಿದವು ಎಂಬತ್ತು ಸಾವಿರ.
ಹಿಂದಿನ ಅಂಗಳದಲ್ಲಿ ಗುಜರಿಯ ಗುಡ್ಡ,
ನಮ್ಮೂರ ಕಲ್ಲಿದ್ದಲ ಕಸದ ಗುಡ್ಡದ ಮರಿ.

ಈಗ ಪ್ರತಿ ಸೆಲ್ಲಿಗೂ ಜಾತಕವಿದೆ:
ಯಾವ ಕಡಾಯಿಯ ಹಿಟ್ಟು, ಯಾವ ಗಳಿಗೆಯ ಒಲೆ,
ಯಾವ ಅಲಗು ಕತ್ತರಿಸಿತು, ಆಗ ಗಾಳಿಯಲ್ಲಿ ನೀರೆಷ್ಟು.
ಕಂಪ್ಯೂಟರಿನೊಳಗೆ ಈ ಕಾರ್ಖಾನೆಯದೇ ಒಂದು ಅವಳಿ.
ಉರಿ ಎರಡು ಡಿಗ್ರಿ ಏರಿಸಿದರೆ ಏನಾದೀತೆಂದು
ಮೊದಲು ಅವಳಿಯನ್ನು ಸುಡುತ್ತೇವೆ.
ಬೊಬ್ಬೆ ಎದ್ದರೆ ಅಲ್ಲೇ ಏಳಲಿ.
ಗುಡ್ಡ ಕರಗುತ್ತಿದೆ.

ಗುರುವಾರ ಮಾತ್ರ ಲೆಕ್ಕ ತಪ್ಪುತ್ತಿತ್ತು.
ರಾತ್ರಿ ಮೂರು ಹತ್ತಕ್ಕೆ, ದ್ರಾವಣ ತುಂಬುವ ಒಣಕೋಣೆಯಲ್ಲಿ
ಇಬ್ಬನಿ ಬಿಂದು ಏರುತ್ತಿತ್ತು,
ಸೊನ್ನೆಯ ಕೆಳಗೆ ನಲವತ್ತೆರಡರಿಂದ ಮೂವತ್ತೇಳಕ್ಕೆ.
ಇಬ್ಬನಿ ಅನ್ನುವುದು ಹೆಸರಿಗೆ;
ಮರುಭೂಮಿಯೂ ಆ ಕೋಣೆಯ ಮುಂದೆ ಕೆರೆ.
ಇಪ್ಪತ್ತು ನಿಮಿಷ, ಮತ್ತೆ ಇಳಿಯುತ್ತಿತ್ತು.
ಆ ಇಪ್ಪತ್ತು ನಿಮಿಷದ ಕೂಸುಗಳು ಅಲ್ಪಾಯುಷಿಗಳು.

ಬಾಗಿಲ ದಾಖಲೆ ಸರಿ. ಫಿಲ್ಟರು ಸರಿ. ಸೀಲು ಸರಿ.
ಒಳಗಿದ್ದವರು ಮೂವರು, ಎಲ್ಲ ರಾತ್ರಿಗಳಂತೆ ಮೂವರೇ:
ವಾಝಾ, ತೆಂಗಿಜ್, ಇನ್ನೊಬ್ಬನ ಹೆಸರು ಆಗ ಗೊತ್ತಿರಲಿಲ್ಲ.
ಜಾರ್ಜಿಯಾದ ಬೆಟ್ಟದವರು; ಮೂವರ ಪಾಳಿ ಒಂದಾಗುವುದು
ಗುರುವಾರ ಮಾತ್ರ.
ಯಂತ್ರ ಲೆಕ್ಕ ಹಾಕಿ ಬರೆಯಿತು:
ಒಳಗೆ ಆರು ಜನರ ಉಸಿರಿದೆ.

ಮುಂದಿನ ಗುರುವಾರ ಗಾಜಿಗೆ ಕಿವಿಯಿಟ್ಟೆ,
ಎಡಗಿವಿ, ನಿನ್ನದೇ.

ಹಾಡುತ್ತಿದ್ದರು.
ನಳಿಕೆ ಬದಲಿಸುವ ನಿಧಾನದ ಹೊತ್ತು,
ಮುಸುಕಿನೊಳಗಿಂದ ಮೂರು ದನಿ, ಒಂದಕ್ಕೊಂದು ಆನಿಸಿ.
ತಳದ್ದು ಅಲುಗಿದರೆ ಚಾವಣಿಯೇ ಬಿದ್ದೀತು.
ಅಲುಗಲಿಲ್ಲ.

ಬಂದು ಕೂತೆ. ಕಾರಣ ಆರಿಸಿ, ಅಂದಿತು ಪರದೆ:
ಸೀಲು, ಬಾಗಿಲು, ಫಿಲ್ಟರು, ನೌಕರನ ತಪ್ಪು, ಇತರೆ.
ನಾಲ್ಕನೆಯದರ ಮೇಲೆ ಬೆರಳು ತುಸು ಹೊತ್ತು ನಿಂತಿತು,
ಸುಳ್ಳು ಯಾಕೆ ಹೇಳಲಿ.
ಚಹಾ ಆರಿತ್ತು.
ಇತರೆ ಒತ್ತಿದೆ. ಬರೆದೆ:
ಗುರುವಾರ ಮೂರಕ್ಕೆ ಒಣಗಾಳಿ ಕಾಲು ಪಾಲು ಹೆಚ್ಚಿಸಿ,
ಮೂರೂವರೆಗೆ ಇಳಿಸಿ.
ಅವಳಿಯೊಳಗೆ ನಡೆಸಿ ನೋಡಿದೆ. ಅಲ್ಲಿ ಹಾಡಿಲ್ಲ,
ಆರು ಜನರ ಉಸಿರನ್ನಷ್ಟೇ ಬಿಟ್ಟೆ.
ಗೆರೆ ನೆಟ್ಟಗೆ ಉಳಿಯಿತು.

ತಿಂಗಳ ಕೊನೆಗೆ ಮೇಲಿನವರು ಕೇಳಿದರು,
ಈ ಅರ್ಧ ಗಂಟೆಗೆ ಇಷ್ಟು ಕರೆಂಟು ಯಾಕೆ?
ಗುಜರಿಗೆ ಹೋಗುವುದಕ್ಕಿಂತ ಅಗ್ಗ, ಅಂದೆ.
ಅದು ನಿಜ. ಪೂರ್ತಿಯಲ್ಲ.

ಆ ಮೂರನೆಯವನ ಹೆಸರು ಝುರಾಬ್.
ತಳದ ದನಿ ಅವನದು.