ನಲವತ್ತೊಂದನೇ ಮಹಡಿಯ ಸಂಜೆ

ಶಾರ್ಜಾದ ಈ ಕಟ್ಟಡದಲ್ಲಿ
ಸೂರ್ಯ ಎಲ್ಲರಿಗೂ ಒಂದೇ ಹೊತ್ತಿಗೆ ಮುಳುಗುವುದಿಲ್ಲ.

ಲಗೂನಿನಾಚೆ ಫಿರಂಗಿಯ ಹೊಗೆ ಮೊದಲು ಕಂಡಿತು,
ಸದ್ದು ಆಮೇಲೆ ಬಂತು.
ಕೆಳಗೆ ಗೇಟಿನ ಕುರ್ಚಿಯಲ್ಲಿ ಇದ್ದಿನಬ್ಬ
ಖರ್ಜೂರದ ಬೀಜ ಉಗುಳಿಯೂ ಆಗಿದೆ.
ಮೇಲೆ ಮಿಸ್ರಿಯಾ ಗಾಜಿಗೆ ಹಣೆ ಹಚ್ಚಿ ನಿಂತಿದ್ದಾಳೆ.
ಕಡಲಂಚಿನಲ್ಲಿ ಉಗುರಿನಷ್ಟು ಕೆಂಪು.
ಅಂಗೈಯ ಹಣ್ಣು ಬೆಚ್ಚಗಾಗುತ್ತಿದೆ.

"ಇನ್ನೆರಡು ನಿಮಿಷ. ಬೇಗ ತಲುಪುವುದೂ ತಪ್ಪೇ,
ನಿನಗೆ ಗೊತ್ತಲ್ಲ."

ಗೊತ್ತು. ಅದೇ ನಮ್ಮ ಕಸುಬು.
ಗಡಿಯಾರದ ಏಟಿಗೆ ಮುಂಚೆ ಬಂದು ಕೂತಿರಬೇಕು ಸಂಕೇತ,
ಏಟು ಬಿದ್ದ ಮೇಲೂ ತುಸು ಹೊತ್ತು ಕದಲಬಾರದು;
ಉಂಡವನು ಏಳುವ ಮೊದಲೇ
ಮುಂದಿನವನು ಮಣೆಗೆ ನುಗ್ಗಿದರೆ ಎಲೆಯೇ ಕಲಸಿಹೋಗುತ್ತದೆ.
ಕಣ್ಣು ಮಿಟುಕಿಸುವುದರೊಳಗೆ ಹತ್ತು ಕೋಟಿ ಪಂಕ್ತಿ.

ನಾಳೆ ಬೆಳಿಗ್ಗೆ ಎಂಟಕ್ಕೆ ಚಿಪ್‌ನ ನಕ್ಷೆ ಕಾರ್ಖಾನೆಗೆ.
ನಮ್ಮ ಕೈಲಿರುವುದು ಎರಡು ಲೆಕ್ಕ.

ನಲವತ್ತು ನಿಮಿಷದ್ದೊಂದು. ಅವಸರದ ಶಾನುಭೋಗ.
ಓಣಿಯ ಬಾಯಲ್ಲಿ ಒಬ್ಬ ಮುದುಕ ಕಂಡನೋ,
ಆ ಓಣಿಯಿಂದ ಬಂದವರೆಲ್ಲ ಮುದುಕರೆಂದೇ ಬರೆದುಕೊಳ್ಳುತ್ತಾನೆ.
ಪುಕ್ಕಲು ಪ್ರಾಣಿ.
ಸಾವಿರದ ಇನ್ನೂರು ದಾರಿ ತಡವೆಂದು ಕೆಂಪು ಗೀಟೆಳೆದಿದ್ದಾನೆ.

ಇನ್ನೊಂದು, ಪ್ರತಿ ದಾರಿಯನ್ನೂ ತಾನೇ ನಡೆದು ನೋಡುವುದು,
ಯಾವ ತಿರುವಿನಲ್ಲಿ ಯಾರ ಕಾಲು ಎಷ್ಟು ಚುರುಕು ಎಂದು.
ನಿಜ ಹೇಳುತ್ತದೆ, ಮೂರು ದಿನ ಕೇಳುತ್ತದೆ.
ಮೂರು ದಿನ ಎಲ್ಲಿಂದ ತರಲಿ?

ಮಧ್ಯಾಹ್ನ, ಒಣಗಿದ ತುಟಿಯಲ್ಲಿ, ಅವಳೇ ಹೇಳಿದ್ದು:
"ಎಲ್ಲವನ್ನೂ ನಡೆಸಬೇಡ ಮಾರಾಯ.
ಸಹರಿಗೆ ಹತ್ತು ನಿಮಿಷ ಮುಂಚೆಯೇ ನೀರು ಬಿಡ್ತೇವೆ,
ಅದು ಭಯದ ಲೆಕ್ಕ. ಇರಲಿ, ನಷ್ಟವೇನು?
ಸಂಜೆಗೆ ಮಾತ್ರ ಕಿಟಕಿಗೆ ಬಂದು ಕಣ್ಣಾರೆ ನೋಡ್ತೇನೆ."

ಪುಕ್ಕಲ ಸರಿ ಎಂದರೆ ಸರಿಯೇ.
ಅವನು ಬಿಟ್ಟ ಲಕ್ಷಗಟ್ಟಲೆ ದಾರಿಗಳನ್ನು ಹಾಗೇ ನಂಬಿದೆವು,
ಕೆಂಪಾದವನ್ನಷ್ಟೇ ನಡೆಸಿದೆವು.
ಐದು ಗಂಟೆ. ಮುದುಕರೆಂದು ಬರೆಸಿಕೊಂಡವರಲ್ಲಿ
ಹುಡುಗರೇ ಹೆಚ್ಚು.
ಹನ್ನೊಂದು ಉಳಿದವು. ಹತ್ತನ್ನು ತಿದ್ದಿದೆವು.

ಕೆಂಪು ಮುಳುಗಿತು.
ಹಣ್ಣು ಕಚ್ಚಿ, ಉಪವಾಸವಿಲ್ಲದ ನನಗೂ ಒಂದು ಕೊಟ್ಟು,
ಬೀಜ ಕೆನ್ನೆಗೊತ್ತಿಕೊಂಡೇ ಕೇಳುತ್ತಾಳೆ: "ಆ ಹನ್ನೊಂದನೇದು?"
"ಮೂರು ಪಿಕೋಸೆಕೆಂಡು ತಡ. ನಿಜವಾಗಿಯೂ ತಡ."

ಗೋಡೆಯ ಫೋನು ಗುರುಗುಟ್ಟುತ್ತದೆ. ಇದ್ದಿನಬ್ಬ.
"ಮೇಲೆ ಆಯ್ತಾ ಮಗಾ? ಇಲ್ಲಿ ಕತ್ತಲೆ."
"ಈಗ ಆಯ್ತು ಕಾಕಾ," ಎನ್ನುತ್ತಾಳೆ,
ನೀರಿನ ಲೋಟ ಹುಡುಕುತ್ತಾ.