ದೊಡ್ಡಿ ಚೀಟಿ

ಅವೆನ್ಯೂ ರಸ್ತೆಯ ಫುಟ್‌ಪಾತಲ್ಲಿ ನಲವತ್ತು ರೂಪಾಯಿಗೆ ಕೊಂಡ ಡಿಕ್ಷನರಿ.
ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ, ಶುರುವಾಗುವುದೇ ಸೀ ಅಕ್ಷರದಿಂದ.
ಹಾಗಾಗಿ ಅವೆನ್ಯೂ ಅಂದರೇನು ಅಂತ
ದಿನಾ ಅವೆನ್ಯೂ ರಸ್ತೆ ತುಳಿಯುವ ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲಸ ಕಿಲಾರಿ ರಸ್ತೆಯ ತಿರುವಿನಲ್ಲಿ.
ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸೀಟಿ, ಕೊರಳಿಗೆ ಚೀಟಿ ಪುಸ್ತಕ.
ಸ್ಕೂಟರಿಗೆ ಹತ್ತು, ಕಾರಿಗೆ ಮೂವತ್ತು,
ಬೈಗುಳ ಎರಡೂ ಕಡೆ ಪುಕ್ಕಟೆ.
ಮಧ್ಯಾಹ್ನ ಸೀರೆ ಅಂಗಡಿಗಳು ಆಕಳಿಸುವ ಹೊತ್ತು
ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತೇನೆ.

ರೋಡ್. ಮೊದಲಿಗೆ ಇದು ದಾರಿಯೇ ಅಲ್ಲವಂತೆ.
ಕುದುರೆ ಹತ್ತಿ ಹೋಗುವುದಿದೆಯಲ್ಲ, ಆ ಹೋಗುವುದೇ ರೋಡ್.
ಸವಾರ ಇಳಿದು ಹೋದ, ಹೆಸರು ಮಣ್ಣಿಗೆ ಅಂಟಿಕೊಂಡಿತು.
ತಲೆಯೆತ್ತಿ ನೋಡಿದೆ:
ಮೈಸೂರು ಬ್ಯಾಂಕ್ ಸರ್ಕಲ್ಲಿನ ತನಕ ಒಂದರ ಬಾಲಕ್ಕೊಂದು ಮೂತಿ ತಾಗಿಸಿ
ಆಟೋ, ಟೆಂಪೋ, ಹೆಣದ ವ್ಯಾನು, ಎಲ್ಲಾ ನಿಂತಿವೆ.
ರೋಡಿನ ಮೇಲೆ ರೋಡೇ ಇಲ್ಲ.

ಟ್ರಾಫಿಕ್ ಅಂದರೆ ವ್ಯಾಪಾರ. ಓದಿ ನಕ್ಕುಬಿಟ್ಟೆ.
ಹಮಾಲಿ ದಸ್ತಗೀರ್ ಧರ್ಮಾವರದ ಮೂಟೆ ಬೆನ್ನಿಗೇರಿಸಿ
"ಬಾಜೂ, ಬಾಜೂ" ಅಂತ ಕಾರುಗಳ ನಡುವೆ ತೂರುತ್ತಿದ್ದ.
ಈ ಬೀದಿಯಲ್ಲಿ ಅವನೊಬ್ಬನೇ ಟ್ರಾಫಿಕ್,
ಉಳಿದವರೆಲ್ಲ ಅಡ್ಡಿ.

ಕಲ್ ಡಿ ಸ್ಯಾಕ್ ಅಂದರೆ ಚೀಲದ ತಳ.
ಹಿಂದಿನ ಗಲ್ಲಿಗೆ ನುಗ್ಗಿದ ಡೆಲಿವರಿ ಹುಡುಗರು
ಚೀಲ ಕೊಡವಿದ ಹಾಗೆ ವಾಪಸು ಉದುರುತ್ತಾರೆ.
ಕರ್ಬ್ ಅಂದರೆ ಕುದುರೆಯ ಗದ್ದದಡಿ ಬಿಗಿಯುವ ಪಟ್ಟಿ;
ಈಗ ಫುಟ್‌ಪಾತಿನ ಅಂಚುಗಲ್ಲು, ಯಾರ ಗದ್ದಕ್ಕೂ ಬಿಗಿಯದು,
ಬೈಕುಗಳು ಅದರ ಮೇಲೇ ಹತ್ತಿ ಹೋಗುತ್ತವೆ.
ಲೇನ್: ಮೂಲ ತಿಳಿದಿಲ್ಲ, ಅಂತ ಬರೆದಿದ್ದಾರೆ.
ಬರೆದವರು ಒಮ್ಮೆ ಈ ಊರಿಗೆ ಬಂದಿದ್ದಿರಬೇಕು.

ಆಮೇಲೆ ಪೀ. ಪಾರ್ಕ್.
ದೊರೆ ಬೇಟೆಗೆಂದು ಇಟ್ಟುಕೊಂಡ ಜಿಂಕೆಗಳು ಹಾರಿ ಹೋಗದಂತೆ
ಸುತ್ತ ಬೇಲಿ ಕಟ್ಟಿದ ಬಯಲು.
ಆಮೇಲೆ ದಂಡಿನವರು ಫಿರಂಗಿ ಸಾಲಾಗಿ ನಿಲ್ಲಿಸಿದ ಬಯಲು.
ಆಮೇಲೆ, ಎಷ್ಟೋ ಕಾಲಕ್ಕೆ, ನನ್ನ ಕುರ್ಚಿ.

ಬೇಲಿಯೊಳಗಿನ ಪ್ರಾಣಿ. ಎರಡು ಸಲ ಓದಿದೆ.
ನಮ್ಮ ತಾತ ಮುನಿತಾಯಪ್ಪ ಮುನಿಸಿಪಾಲಿಟಿ ದೊಡ್ಡಿಯ ಕಾವಲುಗಾರ.
ಕಿಲಾರಿ ಅಂದರೆ ದನ ಕಾಯುವವನು ಅಂತ ಹೇಳಿಕೊಟ್ಟವನು ಅವನೇ,
ಅದಕ್ಕೆ ಡಿಕ್ಷನರಿ ಬೇಕಾಗಲಿಲ್ಲ.
ಕಂಡವರ ಹಿತ್ತಲು ಮೇಯ್ದ ದನ, ಬೀದಿಗೆ ಬಿದ್ದ ಎಮ್ಮೆ,
ಹಿಡಿದು ತಂದರೆ ಕೂಡಿ ಹಾಕುವುದು, ಚೀಟಿ ಬರೆಯುವುದು:
"ಕಪ್ಪು ಎಮ್ಮೆ. ಬಲಗೊಂಬು ಮೊಟಕು. ನಾಲ್ಕಾಣೆ."
ಒಡೆಯ ಬಂದು, ಬೈದು, ಗೋಗರೆದು, ದುಡ್ಡೆಣಿಸಿ ಬಿಡಿಸಿಕೊಳ್ಳುವುದು.
ದುಡ್ಡಿಲ್ಲದವನ ಎಮ್ಮೆಗೆ ರಾತ್ರಿ ತಾನೇ ಹುಲ್ಲು ತರುತ್ತಿದ್ದನಂತೆ.
ಮೊಮ್ಮಗಳು ಓದು ಬರಹ ಕಲಿತು ಆಫೀಸರಾಗಲಿ ಅಂದಿದ್ದ.
ಆಗಿದ್ದೇನೆ ತಾತ. ಚೀಟಿ ಬರೆಯುತ್ತೇನೆ.

ನಿನ್ನೆ ಬಿಳೀ ಕಾರಿನವನು ಗಾಜು ಇಳಿಸಿ
"ರೋಡೇನು ನಿಮ್ಮಪ್ಪಂದಾ?" ಅಂದ.
ಅಪ್ಪಂದಲ್ಲ ಸಾರ್, ತಾತಂದು, ಅಂದೆ.
ಗಾಜು ಏರಿತು. ಮೂವತ್ತು ರೂಪಾಯಿ ಬರಲಿಲ್ಲ.

ಇವತ್ತು ಮೂರರ ಬಿಸಿಲಿಗೆ ಮಾರ್ಕೆಟ್ಟಿನ ಕಡೆಯಿಂದ
ಬಾಯಲ್ಲಿ ಬಾಳೆದಿಂಡಿನ ಚೂರು ಜೋತಾಡಿಸುತ್ತಾ ಒಂದು ಹಸು ಬಂತು.
ಎರಡು ಸ್ಕೂಟರುಗಳ ನಡುವೆ, ಬಿಳಿ ಗೆರೆ ಎಲ್ಲೂ ಮೀರದೆ,
ಬೆಳಗಿಂದ ಒಬ್ಬರೂ ನಿಲ್ಲಿಸದಷ್ಟು ನೀಟಾಗಿ ಮಲಗಿತು.
ಸೀಟಿ ತುಟಿಯ ತನಕ ಹೋಯಿತು. ಊದಲಿಲ್ಲ.
ಯಾವ್ಯಾವ ದೇಶವನ್ನೋ ಅಲೆದ ಪದವೊಂದು
ತಾನಾಗೇ ದೊಡ್ಡಿಗೆ ಬಂದು ಮೆಲುಕು ಹಾಕುತ್ತಿತ್ತು.

ಚೀಟಿ ಹರಿದೆ. ಗಾಡಿ ನಂಬರ್ ಅನ್ನುವ ಖಾನೆಯಲ್ಲಿ ಬರೆದೆ:
"ಕಂದು. ಹಣೆಯಲ್ಲಿ ಬಿಳಿ. ಎಡಗಿವಿ ಸೀಳು."
ಬಂದ ಹೊತ್ತು, ಮೂರೂ ಹತ್ತು.
ಹೋಗುವ ಹೊತ್ತು ಖಾಲಿ ಬಿಟ್ಟು
ಮೂತಿಯ ಹತ್ತಿರ ಇಟ್ಟೆ.
ಅದು ಚೀಟಿಯನ್ನೂ ತಿಂದಿತು.